ಟೆಂಡರು ಒಬ್ಬರ ಹೆಸರಿಗೆ, ಬಿಲ್ಲು ಯಾರ ಕೈಗೆ?

ಪೇಪರಿನ ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗುವ ಟೆಂಡರ್ ಪ್ರಕಟಣೆಯನ್ನು ನಮ್ಮಲ್ಲಿ ಓದುವವರಾದರೂ ಯಾರು ಸ್ವಾಮಿ? ಕಂಟ್ರಾಕ್ಟರು ಓದುತ್ತಾನೆ, ಅವನ ಎದುರಾಳಿ ಓದುತ್ತಾನೆ. ಉಳಿದವರಿಗೆ ಅದು ಕಡಲೆಬೀಜ ಕಟ್ಟುವ ಕಾಗದ. ಆದರೆ ಇನ್ನೊಮ್ಮೆ ಪೊಟ್ಟಣ ಬಿಚ್ಚಿದಾಗ ಆ ಕಾಗದವನ್ನು ಬಸ್ಸಿನ ಕಿಟಕಿಯಿಂದ ಹೊರಗೆ ಎಸೆಯುವ ಮುಂಚೆ ಸ್ವಲ್ಪ ಕಣ್ಣಾಡಿಸಿ. ಇಂಥ ಊರಿಗೆ ಸಿ.ಸಿ. ರಸ್ತೆ, ಇಂಥ ಶಾಲೆಗೆ ಕಾಂಪೌಂಡು, ಇಂಥ ಬೀದಿಗೆ ಚರಂಡಿ, ಅಂದಾಜು ಮೊತ್ತ ಇಷ್ಟು ಲಕ್ಷ ಎಂದು ಸಾಲುಸಾಲಾಗಿ ಇರುತ್ತದೆ. ಅದರ ಮಗ್ಗುಲಲ್ಲೇ ಒಂದು ಪುಟ್ಟ ಕಾಲಂ: ‘ಸಾಮಾನ್ಯ’, ‘ಪ.ಜಾ.’, ‘ಪ.ಪಂ.’. ಈ ಲೇಖನ ಆ ಪುಟ್ಟ ಕಾಲಮ್ಮಿನ ಕಥೆ.

ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಎಂದರೆ ನೌಕರಿ, ಕಾಲೇಜು ಸೀಟು ಎಂದಷ್ಟೇ ಗೊತ್ತಿದ್ದ ಕಾಲ ಹೋಯಿತು. ಈಗ ಸರ್ಕಾರ ಮಾಡಿಸುವ ಕಾಮಗಾರಿಯಲ್ಲೂ ಮೀಸಲಾತಿ ಇದೆ. ಇದರ ಬಗ್ಗೆ ನಮ್ಮ ದುರ್ಗದಲ್ಲಿ ಎರಡು ಬಗೆಯ ಮಾತು ನಡೆಯುತ್ತದೆ. ಒಂದು, ಹೋಟೆಲಿನ ಟೇಬಲ್ಲಿನದು: “ಎಲ್ಲಾ ಟೆಂಡರೂ ಅವರಿಗೇ ಹೋಯ್ತು ಬಿಡ್ರೀ, ಇನ್ನು ಬೇರೆಯವರು ಏನ್ ತಿನ್ನೋದು?” ಇನ್ನೊಂದು, ಮೊದಲನೆಯ ಮಾತಾಡಿದವರಿಗೆ ಕೇಳಿಸದಂತೆ ಪಕ್ಕದ ಟೇಬಲ್ಲಿನವರು ಆಡಿಕೊಳ್ಳುವುದು: “ಹೆಸರು ನಮ್ದು, ದುಡ್ಡು ಯಾರ್ದೋ.” ಮೊದಲನೆಯ ಮಾತು ತಪ್ಪು, ಲೆಕ್ಕ ಹಾಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡನೆಯದು ಅಷ್ಟು ಸುಲಭದಲ್ಲಿ ತಳ್ಳಿಹಾಕುವಂಥದ್ದಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1999ರಲ್ಲಿ ನಮ್ಮ ರಾಜ್ಯದಲ್ಲಿ ‘ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ’ ಎಂಬ ಕಾನೂನು ಬಂತು. ಕಂಟ್ರಾಕ್ಟರುಗಳ ಬಾಯಲ್ಲಿ ಇದು ಕೆ.ಟಿ.ಪಿ.ಪಿ. ಕಾಯ್ದೆ. ಇಂಜಿನಿಯರು ತನಗೆ ಬೇಕಾದವರಿಗೆ ಚೀಟಿ ಬರೆದು ಕೆಲಸ ಕೊಡುವುದು ತಪ್ಪಲಿ, ಟೆಂಡರ್ ಕರೆದು ಕಡಿಮೆ ದರ ಹಾಕಿದವನಿಗೆ ಕೊಡಲಿ ಎಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಟೆಂಡರು ಎಂಬುದು ಓಟದ ಪಂದ್ಯ. ಶೂ ಹಾಕಿಕೊಂಡವನನ್ನೂ ಬರಿಗಾಲಿನವನನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ‘ಓಡಿ’ ಎಂದರೆ ಗೆಲ್ಲುವವರು ಯಾರೆಂದು ಶಿಳ್ಳೆ ಹೊಡೆಯುವ ಮುಂಚೆಯೇ ಗೊತ್ತಿರುತ್ತದೆ.

ಹಾಗಾಗಿ ಸಿದ್ದರಾಮಯ್ಯನವರ ಮೊದಲ ಸರ್ಕಾರದ ಕಾಲದಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂತು. 50 ಲಕ್ಷ ರೂಪಾಯಿಯವರೆಗಿನ ಕಾಮಗಾರಿಗಳ ಪೈಕಿ ಶೇಕಡಾ 17.15 ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ, ಶೇಕಡಾ 6.95 ಪರಿಶಿಷ್ಟ ಪಂಗಡದವರಿಗೆ. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. ಆಮೇಲೆ ಹಿಂದುಳಿದ ವರ್ಗದವರಿಗೂ, ಅಂದರೆ ಪ್ರವರ್ಗ-1ಕ್ಕೆ ಶೇಕಡಾ 4, 2ಎ ಪ್ರವರ್ಗಕ್ಕೆ ಶೇಕಡಾ 15 ಎಂದು ಸೇರಿತು. ಈ 17.15, 6.95 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು ಎನ್ನುವಿರಾ? 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಅವರ ಪಾಲು ಎಷ್ಟಿತ್ತೋ ಅಷ್ಟೇ.

ಇಲ್ಲೊಂದು ಸ್ವಾರಸ್ಯ. ಅದೇ ಜನಗಣತಿಯ ಪ್ರಕಾರ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇಕಡಾ 23, ಪರಿಶಿಷ್ಟ ಪಂಗಡದವರು ಸುಮಾರು ಶೇಕಡಾ 18. ಎರಡೂ ಸೇರಿದರೆ ಐದು ಜನರಲ್ಲಿ ಇಬ್ಬರು. ಚಳ್ಳಕೆರೆ, ಮೊಳಕಾಲ್ಮೂರು ಬಸ್ಸು ಹತ್ತುವವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಮೀಸಲು ಮಾತ್ರ ರಾಜ್ಯದ ಸರಾಸರಿಯದೇ, ಎರಡೂ ಸೇರಿ 24.1. ಅಂದರೆ ‘ಎಲ್ಲಾ ಅವರಿಗೇ ಹೋಯ್ತು’ ಎನ್ನುವ ಊರಿನಲ್ಲೇ ಅವರಿಗೆ ಸಿಗುವುದು ಅವರ ತಲೆ ಎಣಿಕೆಗಿಂತ ಕಡಿಮೆ.

ಅದೂ ಯಾವುದರಲ್ಲಿ? ಸಣ್ಣ ಕೆಲಸಗಳಲ್ಲಿ ಮಾತ್ರ. ಇದನ್ನು ಬಹಳ ಜನ ಗಮನಿಸುವುದಿಲ್ಲ. ನೂರು ಸಣ್ಣ ಕೆಲಸ ಇದ್ದರೆ ಇಪ್ಪತ್ತನಾಲ್ಕು ಚಿಲ್ಲರೆ ಅವರ ಪಾಲಿಗೆ. ಒಂದು ಕೆಲಸ ಮಿತಿಯನ್ನು ದಾಟಿತೋ, ಅಲ್ಲಿ ಮೀಸಲಾತಿ ಎಂಬ ಮಾತೇ ಇಲ್ಲ. ನಮ್ಮ ಭದ್ರಾ ಮೇಲ್ದಂಡೆ ಯೋಜನೆಯನ್ನೇ ನೋಡಿ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಎಂದು ಘೋಷಿಸಿದರು, ಆ ದುಡ್ಡಿಗಾಗಿ ಜಿಲ್ಲೆ ಎಷ್ಟು ಹೋರಾಡಿತು ಎಂಬುದು ಬೇರೆ ಕಥೆ. ಅಂಥ ಯೋಜನೆಯ ದೊಡ್ಡ ಕಾಲುವೆ, ಸುರಂಗ, ಪಂಪ್‌ಹೌಸಿನ ಗುತ್ತಿಗೆ ಯಾವುದೂ ಈ ಪಟ್ಟಿಗೆ ಬರುವುದಿಲ್ಲ. ಹೆದ್ದಾರಿಯ ಗುತ್ತಿಗೆಯೂ ಬರುವುದಿಲ್ಲ. ಸರ್ಕಾರದ ಗುತ್ತಿಗೆ ಹಣವೆಂಬ ದೊಡ್ಡ ಕೊಪ್ಪರಿಗೆಯಲ್ಲಿ ತಳದ ಒಂದು ಸೌಟನ್ನು ಬೇರೆ ಇಟ್ಟು, ಅದರಲ್ಲಿ ಕಾಲು ಭಾಗ ನಿಮಗೆ ಎಂದ ಹಾಗೆ. ಇಷ್ಟಕ್ಕೇ ಹೋಟೆಲಿನಲ್ಲಿ ಕಾಫಿ ಆರುವವರೆಗೆ ಜಗಳ!

‘ಮೀಸಲು ಟೆಂಡರು ಅಂದ್ರೆ ಪುಕ್ಕಟೆ ಟೆಂಡರು’ ಎಂದು ತಿಳಿದವರೂ ಇದ್ದಾರೆ. ಅದೂ ಹಾಗಲ್ಲ. ಮೀಸಲಾದ ಕೆಲಸಕ್ಕೂ ಆ ವರ್ಗದ ಕಂಟ್ರಾಕ್ಟರುಗಳು ತಮ್ಮತಮ್ಮಲ್ಲೇ ಪೈಪೋಟಿ ಮಾಡಿ ದರ ಹಾಕಬೇಕು. ಲೈಸೆನ್ಸು ಬೇಕು. ಅಳತೆ ಪುಸ್ತಕ ಬರೆಯುವವರು ಅದೇ ಇಂಜಿನಿಯರು. ಜಲ್ಲಿ, ಸಿಮೆಂಟಿನ ಪ್ರಮಾಣ ಅದೇ. ಕಾಂಕ್ರೀಟಿನ ತುಂಡನ್ನು ಪರೀಕ್ಷೆಗೆ ಒಡೆಯುವ ಯಂತ್ರ ಯಾರ ಜಾತಿಯನ್ನೂ ಕೇಳುವುದಿಲ್ಲ.

ಇನ್ನು ‘ಇವರಿಗೆ ಈ ಕೆಲಸ ಗೊತ್ತೇ?’ ಎಂಬ ಪ್ರಶ್ನೆ. ಕೋಟೆಯ ನೆರಳಿನಲ್ಲಿ ಕುಳಿತು ಈ ಪ್ರಶ್ನೆ ಕೇಳುವವರಿಗೆ ಏನು ಹೇಳುವುದು? ಕಲ್ಲು ಒಡೆಯುವುದು, ಮಣ್ಣು ಅಗೆಯುವುದು, ಕೆರೆ-ಕಟ್ಟೆ ಕಟ್ಟುವುದು ಭೋವಿ ಸಮುದಾಯದ ಕುಲಕಸುಬು. ಅವರು ಇರುವುದು ಪರಿಶಿಷ್ಟ ಜಾತಿಯ ಪಟ್ಟಿಯಲ್ಲೇ. ತಲೆತಲಾಂತರದಿಂದ ಕೆಲಸ ಮಾಡಿದ್ದು ಅವರು, ಕೆಲಸ ‘ಮಾಡಿಸಿದ್ದು’ ಬೇರೆಯವರು. ಒಂದೇ ಒಂದು ಅಕ್ಷರ ಜಾಸ್ತಿ, ಆದರೆ ಲಾಭವೆಲ್ಲ ಆ ಒಂದು ಅಕ್ಷರದಲ್ಲೇ ಇದೆ. ಮಂಕರಿ ಹೊತ್ತವರಿಗೆ ದಿನಗೂಲಿ, ಪುಸ್ತಕ ಹಿಡಿದವರಿಗೆ ಬಿಲ್ಲು. ಈ ಮೀಸಲಾತಿಯ ತಿರುಳೇ ಇದು. ಕೂಲಿಯವನ ಮಗ ಕಂಟ್ರಾಕ್ಟರು ಆಗಲಿ, ಅವನು ಇನ್ನು ಹತ್ತು ಜನಕ್ಕೆ ಕೂಲಿ ಕೊಡಲಿ ಎಂಬುದು.

ಹಾಗಾದರೆ ಆಗುತ್ತಿದೆಯೇ? ಇಲ್ಲಿಂದ ಪಕ್ಕದ ಟೇಬಲ್ಲಿನ ಮಾತಿಗೆ ಬರಬೇಕು.

ಒಬ್ಬ ಮೇಸ್ತ್ರಿ ಇದ್ದಾನೆ ಎಂದಿಟ್ಟುಕೊಳ್ಳಿ. ಸೆಂಟ್ರಿಂಗ್ ಬಲ್ಲ, ಲೆವೆಲ್ಲು ಹಿಡಿಯಬಲ್ಲ. ಲೈಸೆನ್ಸು ಮಾಡಿಸಿದ್ದಾನೆ. 40 ಲಕ್ಷದ ರಸ್ತೆ-ಚರಂಡಿ ಕೆಲಸ ಅವನ ವರ್ಗಕ್ಕೆ ಮೀಸಲಾಗಿ ಬಂತು. ಶೇಕಡಾ ಐದು ಕಡಿಮೆ ಹಾಕಿ 38 ಲಕ್ಷಕ್ಕೆ ಹಿಡಿದ. ಹತ್ತು ಪರ್ಸೆಂಟು ಲಾಭ ಎಂದರೆ 3 ಲಕ್ಷ 80 ಸಾವಿರ. ಬಾಯಿ ಸಿಹಿ ಮಾಡಿಕೊಳ್ಳುವ ಸಂಗತಿಯೇ. ಆದರೆ ಸರ್ಕಾರ ದುಡ್ಡು ಕೊಡುವುದು ಕೆಲಸ ಆದ ಮೇಲೆ. ಸಿಮೆಂಟು, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡು, ಟಿಪ್ಪರ್ ಬಾಡಿಗೆ, ಶನಿವಾರ ಸಂಜೆಯ ಬಟವಾಡೆ, ಇದ್ಯಾವುದೂ ಬಿಲ್ಲು ಪಾಸಾಗುವವರೆಗೆ ಕಾಯುವುದಿಲ್ಲ. ಕೈಯಲ್ಲಿದ್ದದ್ದು, ಹೆಂಡತಿಯ ಒಡವೆ ಅಡ ಇಟ್ಟದ್ದು ಎಲ್ಲ ಸೇರಿಸಿಯೂ 20 ಲಕ್ಷ ಸಾಲ ತರಬೇಕಾಯಿತು ಎನ್ನಿ. ಬ್ಯಾಂಕಿನವರು ಜಮೀನಿನ ಪಹಣಿ ಕೇಳುತ್ತಾರೆ, ಅವನ ಹತ್ತಿರ ಇಲ್ಲ. ಹೊರಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 60 ಸಾವಿರ.

ಈಗ ಲೆಕ್ಕ ಹಾಕಿ. ಅಂಗಡಿಯವರಿಗೆ ಲೆಕ್ಕ ಕಲಿಸಬೇಕೇ? ಆರು ತಿಂಗಳಿಗೆ ಬಡ್ಡಿಯೇ 3 ಲಕ್ಷ 60 ಸಾವಿರ. ಕೈಯಲ್ಲಿ ಉಳಿದದ್ದು ಇಪ್ಪತ್ತು ಸಾವಿರ. ಏಳನೇ ತಿಂಗಳಿಗೆ ಕಾಲಿಟ್ಟರೆ ಅವನು ಸರ್ಕಾರಕ್ಕೆ ತನ್ನ ಕೈಯಿಂದ ರಸ್ತೆ ಮಾಡಿಕೊಟ್ಟ ಹಾಗೆ. ವರ್ಷ ಕಳೆದರೆ ಒಡವೆ ಹೋಯಿತು. ನಮ್ಮ ರಾಜ್ಯದಲ್ಲಿ ಬಿಲ್ಲು ಎಷ್ಟು ತಿಂಗಳಿಗೆ ಬರುತ್ತದೆ ಎಂಬುದು ಬಸ್ ಸ್ಟ್ಯಾಂಡಿನ ಹೂವಿನವಳಿಗೂ ಗೊತ್ತು. ಸರ್ಕಾರಗಳು ಬದಲಾದರೂ ‘ಸಾವಿರಾರು ಕೋಟಿ ಬಾಕಿ’ ಎಂಬ ಗುತ್ತಿಗೆದಾರರ ಸಂಘದ ದೂರು ಬದಲಾಗಿಲ್ಲ. 2021ರಲ್ಲಿ ಇದೇ ಸಂಘ ಪ್ರಧಾನಿಗೆ ಪತ್ರ ಬರೆದು ಶೇಕಡಾ 40 ಕಮಿಷನ್ನಿನ ಆರೋಪ ಮಾಡಿತು. ದೊಡ್ಡ ಕಂಟ್ರಾಕ್ಟರುಗಳೇ ಹೀಗೆ ಗೋಳಿಡುವಾಗ ಒಂದು ಮಂಕರಿ, ಒಂದು ಸಲಿಕೆಯಿಂದ ಮೇಲೆ ಬಂದವನ ಗತಿ ಏನು?

ಗತಿ ಏನೆಂದರೆ ಸಂಜೆ ಹೊತ್ತಿಗೆ ಒಂದು ಕಾರು ಅವನ ಮನೆಯ ಮುಂದೆ ನಿಲ್ಲುತ್ತದೆ. “ನಿನಗ್ಯಾಕೆ ಈ ತಲೆನೋವು? ಲೈಸೆನ್ಸು ನಿಂದಿರಲಿ, ಟೆಂಡರು ನಿನ್ನ ಹೆಸರಿಗೇ ಇರಲಿ. ದುಡ್ಡು ನಾನು ಹಾಕ್ತೀನಿ, ಕೆಲಸ ನಾನು ಮಾಡಿಸ್ತೀನಿ. ಎರಡೋ ಮೂರೋ ಪರ್ಸೆಂಟು ಕೂತಲ್ಲೇ ಬರುತ್ತೆ, ಸಹಿ ಹಾಕು.” ಮೇಸ್ತ್ರಿ ಏನು ಮಾಡಬೇಕು? ಬಡ್ಡಿಯಲ್ಲಿ ಮುಳುಗುವುದೋ, ಎರಡು ಪರ್ಸೆಂಟು ತೆಗೆದುಕೊಂಡು ಸುಮ್ಮನಿರುವುದೋ? ಬುದ್ಧಿವಂತನಾದರೆ ಸಹಿ ಹಾಕುತ್ತಾನೆ. ಅಲ್ಲಿಗೆ ಮೀಸಲಾತಿಯ ಲೆಕ್ಕ ಸರ್ಕಾರದ ಕಡತದಲ್ಲಿ ಸರಿಯಾಯಿತು, ಸಭೆಯಲ್ಲಿ ಓದಲು ಅಂಕಿಯೂ ಸಿಕ್ಕಿತು. ದುಡ್ಡು ಮಾತ್ರ ಹಳೆಯ ದಾರಿಯಲ್ಲೇ ಹರಿಯಿತು. ಇದು ಕಾರಿನವನ ದುಷ್ಟತನ, ಮೇಸ್ತ್ರಿಯ ಆಸೆ ಎಂದು ನೀತಿ ಹೇಳುವುದು ಸುಲಭ. ಆದರೆ ಕಾರಿಗೆ ಪೆಟ್ರೋಲು ಹಾಕುತ್ತಿರುವುದು ತಡವಾಗುವ ಬಿಲ್ಲು.

ಇದರ ವಿಷ ಮುಂದೆ ಏರುತ್ತದೆ. ವರ್ಷದಲ್ಲಿ ರಸ್ತೆ ಬಿರುಕು ಬಿಟ್ಟರೆ ನೋಟೀಸು ಯಾರಿಗೆ? ಲೈಸೆನ್ಸು ಯಾರ ಹೆಸರಲ್ಲಿದೆಯೋ ಅವನಿಗೆ. ಜಿ.ಎಸ್.ಟಿ. ಬಾಕಿ ಎಂದು ಕಾಗದ ಬಂದರೆ ಯಾರ ವಿಳಾಸಕ್ಕೆ? ಅವನದೇ. ಕಪ್ಪುಪಟ್ಟಿಗೆ ಸೇರುವ ಹೆಸರೂ ಅವನದೇ. ಆಮೇಲೆ ಹೋಟೆಲಿನ ಟೇಬಲ್ಲಿನಲ್ಲಿ “ನೋಡಿದ್ರಾ, ಇವರಿಗೆ ಕೊಟ್ರೆ ಹೀಗೇ” ಎಂಬ ಷರಾ. ಕೆಲಸ ಕೆಡಿಸಿದವನು ಅದೇ ಟೇಬಲ್ಲಿನ ಇನ್ನೊಂದು ಕುರ್ಚಿಯಲ್ಲಿ ಕೂತು ತಲೆ ಆಡಿಸುತ್ತಿದ್ದರೂ ಆಶ್ಚರ್ಯವಿಲ್ಲ.

ಇಲ್ಲಿ ನಮ್ಮ ಅಂಗಡಿಯ ಸಾಹುಕಾರರನ್ನೂ ಒಂದು ಮಾತು ಕೇಳಬೇಕಾಗಿದೆ, ಬೇಜಾರು ಮಾಡಿಕೊಳ್ಳಬಾರದು. ಸಿಮೆಂಟು, ಕಬ್ಬಿಣ, ಪೈಪಿನ ಅಂಗಡಿಯಲ್ಲಿ ದೊಡ್ಡ ಕಂಟ್ರಾಕ್ಟರು ಒಂದು ಫೋನು ಮಾಡಿದರೆ ಮುನ್ನೂರು ಮೂಟೆ ಹೋಗುತ್ತದೆ, ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ. ಈ ಮೇಸ್ತ್ರಿ ಬಂದು “ಅಣ್ಣಾ, ಐವತ್ತು ಮೂಟೆ ಕೊಡಿ, ಬಿಲ್ಲು ಆದ ತಕ್ಷಣ ಕೊಡ್ತೀನಿ” ಎಂದರೆ? “ಕ್ಯಾಶ್ ಇದ್ರೆ ತಗೊಂಡು ಹೋಗಪ್ಪಾ.” ವ್ಯಾಪಾರ ಎಂದರೆ ಹಾಗೇ, ಗುರುತು ಪರಿಚಯ ನೋಡಿಯೇ ಉದ್ರಿ ಕೊಡಬೇಕು, ಒಪ್ಪಿದೆವು. ಆದರೆ ಆ ಗುರುತು ಪರಿಚಯ ಎಂಬುದು ಯಾರ ಕೇರಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ? ಟೆಂಡರಿನಲ್ಲಿ ಮೀಸಲಾತಿ ತರಬಹುದು, ಉದ್ರಿ ಪುಸ್ತಕದಲ್ಲಿ ತರಲು ಯಾವ ವಿಧಾನಸಭೆಗೂ ಆಗುವುದಿಲ್ಲ.

ಮೀಸಲಾತಿಯನ್ನು ತಪ್ಪಿಸುವ ಇನ್ನೂ ಎರಡು ಒಳದಾರಿಗಳಿವೆ. ಒಂದು ‘ಪ್ಯಾಕೇಜು’. ಇಪ್ಪತ್ತು ಲಕ್ಷದ ಹತ್ತು ಕೆಲಸ ಬೇರೆಬೇರೆ ಇದ್ದರೆ ಅವುಗಳಲ್ಲಿ ಎರಡಾದರೂ ಮೀಸಲಿಗೆ ಬರಬೇಕು. ಹತ್ತನ್ನೂ ಒಟ್ಟು ಕಟ್ಟಿ ಎರಡು ಕೋಟಿಯ ಒಂದು ಕಟ್ಟು ಮಾಡಿಬಿಟ್ಟರೆ? ಒಂದು ಕೋಟಿಯ ಮಿತಿ ದಾಟಿತು, ಮುಗಿಯಿತು. ಪರಿಶಿಷ್ಟ ಜಾತಿ-ಪಂಗಡದ ಗುತ್ತಿಗೆದಾರರು ಈ ಪ್ಯಾಕೇಜಿನ ವಿರುದ್ಧ ಹಲವು ಸಲ ದನಿ ಎತ್ತಿದ್ದಾರೆ. ಇನ್ನೊಂದು 4(ಜಿ). ಕೆ.ಟಿ.ಪಿ.ಪಿ. ಕಾಯ್ದೆಯ ಆ ಕಲಮಿನ ಪ್ರಕಾರ ಸರ್ಕಾರ ಬೇಕಾದ ಕೆಲಸಕ್ಕೆ ಟೆಂಡರಿನಿಂದಲೇ ವಿನಾಯಿತಿ ಕೊಡಬಹುದು. ಆಗ ಕೆಲಸ ನೇರವಾಗಿ ಸರ್ಕಾರಿ ಸಂಸ್ಥೆಗೆ ಹೋಗುತ್ತದೆ. ಹಳಬರು ‘ಭೂಸೇನೆ’ ಎಂದು ಕರೆಯುತ್ತಿದ್ದ, ಈಗ ಕೆ.ಆರ್.ಐ.ಡಿ.ಎಲ್. ಆಗಿರುವ ನಿಗಮಕ್ಕೆ ಕೆಲಸ ಬರುತ್ತಿದ್ದದ್ದು ಈ ದಾರಿಯಲ್ಲೇ. ಟೆಂಡರೇ ಇಲ್ಲದ ಮೇಲೆ ಟೆಂಡರಿನಲ್ಲಿ ಮೀಸಲಾತಿ ಎಲ್ಲಿಂದ ಬರಬೇಕು?

ಇದು ನಮ್ಮ ರಾಜ್ಯದ ಕಾಯಿಲೆ ಮಾತ್ರವಲ್ಲ. ಕೇಂದ್ರ ಸರ್ಕಾರವೂ 2012ರಲ್ಲಿ ಒಂದು ಆದೇಶ ಹೊರಡಿಸಿತು. ಕೇಂದ್ರದ ಇಲಾಖೆ, ಕಾರ್ಖಾನೆಗಳು ತಮ್ಮ ಖರೀದಿಯ ಶೇಕಡಾ 20ನ್ನು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು, ಅದರೊಳಗೆ ಶೇಕಡಾ 4 ಪರಿಶಿಷ್ಟ ಜಾತಿ-ಪಂಗಡದವರ ಉದ್ದಿಮೆಗಳಿಂದ. 2018ರಲ್ಲಿ 20 ಎಂಬುದು 25 ಆಯಿತು, ಮಹಿಳೆಯರ ಉದ್ದಿಮೆಗೆ ಶೇಕಡಾ 3 ಸೇರಿತು. ಆದರೆ ಆ 4ರ ಹತ್ತಿರಕ್ಕೂ ಖರೀದಿ ವರ್ಷಗಟ್ಟಲೆ ಸುಳಿಯಲಿಲ್ಲ. ಆದೇಶದಲ್ಲೇ ಒಂದು ಕಿಂಡಿ ಇದೆ: ಆ ವರ್ಗದವರು ಟೆಂಡರಿಗೆ ಬಾರದಿದ್ದರೆ ಅವರ ಪಾಲನ್ನು ಬೇರೆ ಸಣ್ಣ ಉದ್ದಿಮೆಗಳಿಂದ ತುಂಬಿಕೊಳ್ಳಬಹುದು. ಇನ್ನೂ ಹಿಂದೆ, 2002ರಲ್ಲಿ ಭೋಪಾಲದಲ್ಲಿ ದಲಿತ ಚಿಂತಕರ ದೊಡ್ಡ ಸಭೆ ಸೇರಿ ಸರ್ಕಾರದ ಖರೀದಿಯಲ್ಲೂ ಪಾಲು ಬೇಕೆಂದು ಘೋಷಣೆ ಹೊರಡಿಸಿತ್ತು. ಆಗಿನ ಮುಖ್ಯಮಂತ್ರಿ ದಿಗ್ವಿಜಯ ಸಿಂಗ್ ಅದಕ್ಕೆ ಕೈಜೋಡಿಸಿದ್ದರು. ನೌಕರಿಯಿಂದ ವ್ಯಾಪಾರಕ್ಕೆ ಮೀಸಲಾತಿಯ ಮಾತು ಹೊರಳಿದ್ದು ಹೀಗೆ.

ಅಮೆರಿಕದಲ್ಲೂ ಇದೇ ರಗಳೆ ನಡೆದಿತ್ತು. ರಿಚ್ಮಂಡ್ ಎಂಬ ಊರಿನಲ್ಲಿ ಅರ್ಧ ಜನ ಕರಿಯರು, ನಗರಸಭೆಯ ಮುಖ್ಯ ಗುತ್ತಿಗೆಗಳಲ್ಲಿ ಅಲ್ಪಸಂಖ್ಯಾತ ಜನಾಂಗದವರಿಗೆ ಸಿಕ್ಕಿದ್ದು ಐದು ವರ್ಷದಲ್ಲಿ ನೂರಕ್ಕೆ ಒಂದೂ ಇಲ್ಲ. 1983ರಲ್ಲಿ ನಗರಸಭೆ ಶೇಕಡಾ 30 ಕೊಡಿ ಎಂದಿತು. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಅಷ್ಟು ದೂರ ಹೋಗಿಬಂದದ್ದು ಯಾಕೆಂದರೆ, ಗುತ್ತಿಗೆಯ ಹಣ ಎಲ್ಲಿದ್ದರೂ ತನ್ನ ಹಳೆಯ ಮನೆಗೇ ಮರಳಲು ನೋಡುತ್ತದೆ ಎಂದು ಹೇಳಲಿಕ್ಕೆ.

ಮತ್ತೆ ನಮ್ಮ ಮನೆಗೆ ಬರೋಣ. 2025ರ ಮಾರ್ಚಿನಲ್ಲಿ ಈ ವಿಷಯ ವಿಧಾನಸೌಧದಲ್ಲಿ ಬೆಂಕಿ ಹೊತ್ತಿಸಿತು. ಕಾಮಗಾರಿಯ ಮಿತಿಯನ್ನು ಎರಡು ಕೋಟಿಗೆ ಏರಿಸುವ, ಸಾಮಗ್ರಿ ಮತ್ತು ಸೇವೆಯ ಖರೀದಿಯಲ್ಲೂ ಒಂದು ಕೋಟಿಯವರೆಗೆ ಮೀಸಲು ತರುವ, ಜೊತೆಗೆ 2ಬಿ ಅಂದರೆ ಮುಸ್ಲಿಮರ ಪ್ರವರ್ಗಕ್ಕೆ ಶೇಕಡಾ 4 ಕೊಡುವ ಮಸೂದೆ ಗದ್ದಲದ ನಡುವೆ ಪಾಸಾಯಿತು. ಧರ್ಮದ ಮೇಲೆ ಮೀಸಲಾತಿ ಸಂವಿಧಾನಕ್ಕೆ ವಿರುದ್ಧ ಎಂದು ವಿರೋಧಪಕ್ಷ, ಹಿಂದುಳಿದಿರುವಿಕೆಯ ಮೇಲೆ ಕೊಟ್ಟದ್ದು ಎಂದು ಸರ್ಕಾರ. ಏಪ್ರಿಲ್‌ನಲ್ಲಿ ರಾಜ್ಯಪಾಲರು ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಈ ಜಗಳದಲ್ಲಿ ಟಿ.ವಿ.ಯವರು ಬಿದ್ದದ್ದು ಆ ನಾಲ್ಕು ಪರ್ಸೆಂಟಿನ ಮೇಲೆ. ಬಿಲ್ಲು ಎಷ್ಟು ದಿನಕ್ಕೆ ಕೊಡುತ್ತೀರಿ ಎಂಬ ಪ್ರಶ್ನೆ ಆ ಗಲಾಟೆಯಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಪರಿಶಿಷ್ಟ ಜಾತಿಯ ಶೇಕಡಾ 17 ಮೀಸಲಾತಿಯನ್ನು ಒಳಗೊಳಗೇ 6, 6, 5 ಎಂದು ಹಂಚುವ ತೀರ್ಮಾನವನ್ನು ಸರ್ಕಾರ ಮಾಡಿತು. ಅದು ನೌಕರಿ, ಶಿಕ್ಷಣದ ಮಾತು. ಆದರೆ ಟೆಂಡರಿನ ಪಟ್ಟಿಯಲ್ಲಿ ಯಾವ ಕೇರಿಯವರಿಗೆ ಎಷ್ಟು ಸಿಕ್ಕಿತು ಎಂಬ ಪ್ರಶ್ನೆಯೂ ಇಂದಲ್ಲ ನಾಳೆ ಏಳುತ್ತದೆ. ಮೀಸಲಿನೊಳಗೂ ಟಿಪ್ಪರ್ ಇದ್ದವರು, ಇಲ್ಲದವರು ಎಂಬ ಭೇದ ಇದ್ದೇ ಇದೆಯಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಮೀಸಲು ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೀಸಲು ಕೆಲಸದ ಬಿಲ್ಲಿಗೆ ದಿನ ಗೊತ್ತು ಮಾಡಿ, ಆ ದುಡ್ಡನ್ನು ಮೊದಲೇ ಬೇರೆ ಖಾತೆಯಲ್ಲಿಡದೆ ಶೇಕಡಾವಾರು ಏರಿಸುತ್ತಾ ಹೋಗುವುದು ಲೈಸೆನ್ಸು ಬಾಡಿಗೆಗೆ ಪಡೆಯುವವರಿಗೆ ಸುಗ್ಗಿ. ಸಣ್ಣ ಉದ್ದಿಮೆಯಿಂದ ಸಾಮಾನು ಕೊಂಡವರು 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಎಂದು 2006ರ ಕೇಂದ್ರ ಕಾನೂನು ಹೇಳುತ್ತದೆ. ಸಾಮಾನಿಗೆ ಇರುವ ಆ ಕಟ್ಟುನಿಟ್ಟು ಮೀಸಲು ಕಾಮಗಾರಿಯ ಬಿಲ್ಲಿಗೂ ಯಾಕೆ ಇರಬಾರದು? 40 ಲಕ್ಷದ ಕೆಲಸಕ್ಕೆ 45 ದಿನದಲ್ಲಿ ದುಡ್ಡು ಬಂದರೆ ಮೇಸ್ತ್ರಿಗೆ ಬಡ್ಡಿ 90 ಸಾವಿರದಲ್ಲಿ ನಿಲ್ಲುತ್ತದೆ, ಮೂರು ಲಕ್ಷದ ಹತ್ತಿರ ಉಳಿಯುತ್ತದೆ. ಮುಂದಿನ ಕೆಲಸಕ್ಕೆ ಅವನು ಸಾಲವನ್ನೂ ಕಡಿಮೆ ಮಾಡುತ್ತಾನೆ, ಕಾರಿನವನಿಗೆ ಬಾಗಿಲನ್ನೂ ಹಾಕುತ್ತಾನೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದು ಒಂದಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ನೂರೈವತ್ತು ಪದ ಸಾಕು. ನಿಮ್ಮ ಊರಿನ ಮೀಸಲು ಕೆಲಸಗಳ ಪಟ್ಟಿ ಕೇಳಿ. ಒಂದೊಂದರ ಎದುರಿಗೂ ಎರಡು ತಾರೀಖು ಬರೆದುಕೊಡಿ ಎನ್ನಿ: ಅಳತೆ ಪುಸ್ತಕದಲ್ಲಿ ಕೆಲಸ ಮುಗಿದಿದೆ ಎಂದು ಬರೆದ ತಾರೀಖು, ಕಂಟ್ರಾಕ್ಟರನ ಖಾತೆಗೆ ದುಡ್ಡು ಬಿದ್ದ ತಾರೀಖು. ‘ಸಾಮಾನ್ಯ’ ಕೆಲಸಗಳದೂ ಅದೇ ಎರಡು ತಾರೀಖು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಂದರೆ ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ, ನಮಗೂ ಒಂದು ಪ್ರತಿ ಕಳಿಸಿ. ಈ ಕಾಲಮ್ಮಿನಲ್ಲೇ ಅಚ್ಚು ಹಾಕುತ್ತೇವೆ.